ಹೊಗೆಗೂ ಒಂದು ಪ್ರಾಯಶ್ಚಿತ್ತ

ಕಲ್ಲಿದ್ದಲು ಸ್ಥಾವರದ ಚಿಮಣಿಯಿಂದ ಹೊರಬೀಳುವ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ನೂರಕ್ಕೆ ಹನ್ನೆರಡರಿಂದ ಹದಿನಾಲ್ಕು ಪಾಲು ಮಾತ್ರ. ಮಿಕ್ಕದ್ದು ಬಹುತೇಕ ಗಾಳಿಯಲ್ಲಿ ಮೊದಲೇ ಇದ್ದ ಸಾರಜನಕ. ಆ ಹನ್ನೆರಡು ಪಾಲನ್ನು ಹೆಕ್ಕಿ ತೆಗೆಯುವ ಕ್ರಮ ಕೇಳುವುದಕ್ಕೆ ಸುಲಭ. ಹೊಗೆಯನ್ನು ತಣಿಸಿ ಎತ್ತರದ ಗೋಪುರವೊಂದರ ಬುಡದಿಂದ ಮೇಲಕ್ಕೆ ಬಿಡುತ್ತಾರೆ. ಮೇಲಿನಿಂದ ಅಮೀನ್ ಎಂಬ ದ್ರವ ಜಿನುಗುತ್ತ ಇಳಿಯುತ್ತದೆ. ಅಮೋನಿಯದ ನೆಂಟನಾದ್ದರಿಂದ ಅದರ ವಾಸನೆಯೂ ಮೂಗಿಗೆ ಹೊಡೆಯುವಂಥದ್ದು. ದಾರಿಯಲ್ಲಿ ಎದುರಾದ ಇಂಗಾಲದ ಅನಿಲವನ್ನು ಅದು ಅಪ್ಪಿಕೊಳ್ಳುತ್ತದೆ. ಕಷ್ಟವಿರುವುದು ಆ ಅಪ್ಪುಗೆಯನ್ನು ಬಿಡಿಸುವುದರಲ್ಲಿ. ದ್ರವವನ್ನು ಎರಡನೆಯ ಗೋಪುರಕ್ಕೆ ಒಯ್ದು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಅನಿಲ ಬಿಟ್ಟುಕೊಳ್ಳುತ್ತದೆ. ಅದನ್ನು ನೂರು ವಾಯುಭಾರಕ್ಕೂ ಮಿಕ್ಕಿ ಒತ್ತಿ ಕೊಳವೆಗೆ ತುಂಬಬೇಕು. ಕಾಯಿಸುವ ಹಬೆ ಎಲ್ಲಿಂದ? ಟರ್ಬೈನನ್ನು ತಿರುಗಿಸಿ ವಿದ್ಯುತ್ತಾಗಬೇಕಿದ್ದ ಹಬೆಯನ್ನೇ ನಡುದಾರಿಯಲ್ಲಿ ಕದಿಯಬೇಕು. ಒತ್ತುವ ಕಂಪ್ರೆಸರಿಗೂ ಅದೇ ಮನೆಯ ಕರೆಂಟು. ಹೀಗೆ ನೂರು ಯೂನಿಟ್ ಮಾರುತ್ತಿದ್ದ ಸ್ಥಾವರದ ಕೈಯಲ್ಲಿ ಎಪ್ಪತ್ತೈದೋ ಎಂಬತ್ತೋ ಉಳಿಯುತ್ತದೆ. ತಪಸ್ಸು ಎಂಬ ಪದದ ಮೂಲ ಅರ್ಥ ಕಾವು, ಬೇಗೆ. ಮಾಡಿದ ತಪ್ಪನ್ನು ತನ್ನದೇ ಮೈಯ ಕಾವಿನಿಂದ ಸುಟ್ಟುಕೊಳ್ಳುವುದು ಎಂಬ ಹಳೆಯ ಕಲ್ಪನೆಗೆ ಈ ಎರಡನೆಯ ಗೋಪುರದಷ್ಟು ಅಕ್ಷರಶಃ ಒಗ್ಗುವ ಯಂತ್ರ ಇನ್ನೊಂದಿರಲಾರದು. ಹಾಗಾದರೆ ಹಳೆಯ ಸ್ಥಾವರಕ್ಕೆ ಈ ಜೋಡಿ ಗೋಪುರ ಕಟ್ಟಿಸುವುದನ್ನು ಪ್ರಾಯಶ್ಚಿತ್ತ ಎನ್ನಬಹುದೆ? ಉತ್ತರ ಸಿಗುವುದು ಸ್ಥಾವರದ ಲೆಕ್ಕದ ಪುಸ್ತಕದಲ್ಲಿ ಎಂಬುದು ನನ್ನ ವಾದ. ಆ ಪುಸ್ತಕವನ್ನು ಎಚ್ಚರದಿಂದ ಓದಿದರೆ ಅರ್ಥಶಾಸ್ತ್ರ ಹೇಳುವುದಕ್ಕೂ ಧರ್ಮಶಾಸ್ತ್ರ ಹೇಳಿದ್ದಕ್ಕೂ ನಡುವೆ ನಾವು ಊಹಿಸಿದಷ್ಟು ದೂರವಿಲ್ಲ.

ಪ್ರಾಯಶ್ಚಿತ್ತದ ಮಾತೆತ್ತುವ ಮೊದಲು ತಪ್ಪು ಯಾವುದೆಂದು ಹೇಳಬೇಕು. ಕರ್ಮಸಿದ್ಧಾಂತದ ಪರ ವಾದಿಸಿದ ನಮ್ಮ ದಾರ್ಶನಿಕರು ಎದುರಾಳಿಯನ್ನು ಕಟ್ಟಿಹಾಕಲು ಎರಡು ದೋಷಗಳನ್ನು ಮತ್ತೆ ಮತ್ತೆ ಮುಂದಿಡುತ್ತಿದ್ದರು: ಕೃತಹಾನಿ ಮತ್ತು ಅಕೃತಾಭ್ಯಾಗಮ. ಮಾಡಿದವನಿಗೆ ಫಲ ತಟ್ಟದೆ ಹೋಗುವುದು ಮೊದಲನೆಯದು. ಮಾಡದವನ ತಲೆಯ ಮೇಲೆ ಫಲ ಬಂದು ಬೀಳುವುದು ಎರಡನೆಯದು. ಯಾವ ಸಿದ್ಧಾಂತ ಇವೆರಡಕ್ಕೆ ಎಡೆಗೊಡುತ್ತದೋ ಅದು ನಿಲ್ಲಲಾರದು, ಏಕೆಂದರೆ ಅಂಥ ಜಗತ್ತಿನಲ್ಲಿ ನ್ಯಾಯಕ್ಕೆ ನೆಲೆಯೇ ಇಲ್ಲ ಎಂಬುದು ಅವರ ತರ್ಕ. ಕಲ್ಲಿದ್ದಲಿನ ವ್ಯವಹಾರ ನಿಂತಿರುವುದೇ ಈ ಎರಡು ದೋಷಗಳ ಮೇಲೆ. ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಕಿಲೋದ ಹತ್ತಿರ ಇಂಗಾಲದ ಡೈಆಕ್ಸೈಡ್ ಮೇಲೆ ಹೋಗುತ್ತದೆ. ಉರಿಸಿದವನಿಗೆ ವಿದ್ಯುತ್ತಿನ ಹಣ ಬಂತು, ಬಳಸಿದವನಿಗೆ ತಂಪೋ ಬೆಳಕೋ ದೊರೆಯಿತು. ಅನಿಲದ ಒಂದು ಪಾಲು ಮಾತ್ರ ಸಾವಿರಾರು ವರ್ಷ ವಾತಾವರಣದಲ್ಲಿ ಉಳಿದು, ಒಂದು ಬಲ್ಬನ್ನೂ ಕಾಣದವರ ಹೊಲದ ಮೇಲೆ, ಇನ್ನೂ ಹುಟ್ಟದವರ ಕರಾವಳಿಯ ಮೇಲೆ ಲೆಕ್ಕ ತೀರಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ: ವ್ಯವಹಾರದ ಹೊರಗಿರುವವನಿಗೆ ತಗಲುವ ಹಾನಿ ಬೆಲೆಯಲ್ಲಿ ಸೇರದಿದ್ದರೆ ಆ ಬೆಲೆ ಸುಳ್ಳು, ತೆರಿಗೆ ಹಾಕಿ ಅದನ್ನು ನಿಜಮಾಡಬೇಕು. ಅಕೃತಾಭ್ಯಾಗಮಕ್ಕೆ ಬೆಲೆ ಕಟ್ಟಿ ಮಾಡಿದವನಿಗೇ ಹಿಂತಿರುಗಿಸುವ ಈ ಉಪಾಯವನ್ನು ಮೀಮಾಂಸಕನೊಬ್ಬ ಕೇಳಿದ್ದರೆ ತಲೆಯಾಡಿಸುತ್ತಿದ್ದ ಎನಿಸುತ್ತದೆ.

ಪ್ರಾಯಶ್ಚಿತ್ತದ ಅಂಗಗಳನ್ನು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಎಣಿಸುತ್ತದೆ. ತಪ್ಪನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವುದು, ಪಶ್ಚಾತ್ತಾಪ, ತಪಸ್ಸು, ಅಧ್ಯಯನ. ಇವು ಸಾಧ್ಯವೇ ಇಲ್ಲದ ಸಂಕಟದಲ್ಲಿ ದಾನ. ದಾನಕ್ಕೆ ಕೊನೆಯ ಸ್ಥಾನ, ಅದೂ ಷರತ್ತಿನ ಮೇಲೆ. ಇನ್ನು ಮುಂದೆ ಹೀಗೆ ಮಾಡೆನು ಎಂದು ನಿಲ್ಲಿಸಿದವನೇ ಶುದ್ಧನಾಗುವುದು ಎಂಬ ಮಾತೂ ಅಲ್ಲೇ ಪಕ್ಕದಲ್ಲಿದೆ. ಆದರೆ ಮನುಷ್ಯ ಮನುಷ್ಯನೇ. ಪ್ರಾಜಾಪತ್ಯ ಕೃಚ್ಛ್ರ ಎಂಬ ಹನ್ನೆರಡು ದಿನದ ವ್ರತವಿದೆ: ಮೂರು ದಿನ ಬೆಳಗಿನ ಒಂದೇ ಊಟ, ಮೂರು ದಿನ ಸಂಜೆಯದು ಮಾತ್ರ, ಮೂರು ದಿನ ಕೇಳದೆ ಸಿಕ್ಕಿದ್ದು, ಕೊನೆಯ ಮೂರು ದಿನ ಉಪವಾಸ. ಇದನ್ನು ತಾಳಲಾರದವರಿಗೆ ಮುಂದಿನ ಕಾಲದ ನಿಬಂಧಕಾರರು ಪ್ರತ್ಯಾಮ್ನಾಯ, ಅಂದರೆ ಬದಲಿ, ಒಂದನ್ನು ಒದಗಿಸಿದರು. ವ್ರತದ ಬದಲು ಒಂದು ಹಸು. ಹಸು ಇಲ್ಲದಿದ್ದರೆ ಗೋಮೂಲ್ಯ, ಅದರ ಬೆಲೆ. ಆ ಹಣ ಯಾರ ಕೈ ಸೇರುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಶುದ್ಧೀಕರಣದ ವಹಿವಾಟನ್ನು ಹನ್ನೆರಡನೆಯ ಶತಮಾನದ ಶರಣರು ಗೇಲಿ ಮಾಡಿದ್ದು ಸುಮ್ಮನೆ ಅಲ್ಲ. ಜಾತಿಗೊಂದು ಶಿಕ್ಷೆ ವಿಧಿಸಿದ ಶಾಸ್ತ್ರವನ್ನು ಪ್ರಮಾಣವೆಂದು ಒಪ್ಪುವ ಆಸೆ ನನಗೂ ಇಲ್ಲ. ಶಾಸ್ತ್ರದ ಈ ಭಾಗ ನನಗೆ ಬೇಕಾದದ್ದು ಬೇರೆ ಕಾರಣಕ್ಕೆ. ತಪ್ಪಿಗೂ ಹಣಕ್ಕೂ ಇರುವ ನಂಟನ್ನು ಶತಮಾನಗಳ ಕಾಲ ಹತ್ತಿರದಿಂದ ನೋಡಿದ ಜನ ಅವರು. ವ್ರತ ಗೋವಾಗಿ, ಗೋವು ಕಾಸಾಗಿ, ಕಾಸು ಸವಕಲಾಗುವ ಜಾರುದಾರಿ ಅವರಿಗೆ ಗೊತ್ತಿತ್ತು.

ಈಗ ಕೆನಡಾದ ಸಸ್ಕಾಚವಾನ್ ಪ್ರಾಂತ್ಯದ ಎಸ್ಟೆವಾನ್ ಪಟ್ಟಣದ ಹತ್ತಿರಕ್ಕೆ ಬರೋಣ. ಅಲ್ಲಿನ ಬೌಂಡರಿ ಡ್ಯಾಮ್ ಸ್ಥಾವರದ ಮೂರನೆಯ ಘಟಕ, ವಾಣಿಜ್ಯ ಪ್ರಮಾಣದಲ್ಲಿ ಇಂಗಾಲ ಹಿಡಿಯತೊಡಗಿದ ಜಗತ್ತಿನ ಮೊದಲ ಕಲ್ಲಿದ್ದಲು ಘಟಕ. 2014ರ ಅಕ್ಟೋಬರಿನಲ್ಲಿ ಆರಂಭವಾಯಿತು. ಹಳೆಯ ಘಟಕದ ನವೀಕರಣವೂ ಸೇರಿ ಖರ್ಚು ಸುಮಾರು 150 ಕೋಟಿ ಕೆನಡಾ ಡಾಲರ್. ಅದರಲ್ಲಿ 24 ಕೋಟಿ ಕೇಂದ್ರ ಸರ್ಕಾರದ್ದು. ಇಷ್ಟಕ್ಕೆ ದೊರೆತ ವಿದ್ಯುತ್ತು 110 ಮೆಗಾವಾಟಿನ ಆಸುಪಾಸು, ನಮ್ಮ ರಾಯಚೂರಿನ ಒಂದು ಘಟಕದ ಅರ್ಧ. ವರ್ಷಕ್ಕೆ 10 ಲಕ್ಷ ಟನ್ ಹಿಡಿಯುವುದೆಂಬ ಅಂದಾಜಿತ್ತು. ಒಟ್ಟು 50 ಲಕ್ಷ ಟನ್ ಮುಟ್ಟುವ ಹೊತ್ತಿಗೆ 2023 ಬಂದಿತ್ತು. ಹಿಡಿದ ಅನಿಲದ ಹೆಚ್ಚಿನ ಪಾಲು ಕೊಳವೆಯಲ್ಲಿ ವೇಬರ್ನ್ ತೈಲಕ್ಷೇತ್ರಕ್ಕೆ ಹೋಗುತ್ತದೆ. ನೆಲದಾಳದಲ್ಲಿ ಅಂಟಿಕೊಂಡ ಎಣ್ಣೆಯನ್ನು ಸಡಿಲಿಸಿ ಮೇಲಕ್ಕೆ ತಳ್ಳಲು ಇಂಗಾಲದ ಡೈಆಕ್ಸೈಡ್ ಒಳ್ಳೆಯ ಸಾಧನ. ತೈಲ ಕಂಪನಿ ಅದಕ್ಕೆ ದುಡ್ಡು ಕೊಡುತ್ತದೆ. ಮೊದಮೊದಲು ಯಂತ್ರ ಕೈಕೊಟ್ಟಾಗ ಒಪ್ಪಿಕೊಂಡಷ್ಟು ಅನಿಲ ಒದಗಿಸಲಾಗದೆ ವಿದ್ಯುತ್ ಕಂಪನಿ ದಂಡ ಕಟ್ಟಬೇಕಾಯಿತು. ದಂಡ ವಸೂಲಿ ಮಾಡಿದ್ದು ಆಕಾಶ ಕೊಳೆಯಾಯಿತೆಂದು ಕೇಳಿದ ಸರ್ಕಾರವಲ್ಲ. ಸರಕು ಸರಿಯಾಗಿ ಬರಲಿಲ್ಲವೆಂದ ಗಿರಾಕಿ. ಪ್ರಾಯಶ್ಚಿತ್ತ ಯಾವ ಕ್ಷಣದಲ್ಲಿ ಮಾರಾಟವಾಗುತ್ತದೆ ಎಂದು ತೋರಿಸಲು ಇದಕ್ಕಿಂತ ಚೊಕ್ಕ ನಿದರ್ಶನ ಬೇಕಿಲ್ಲ. ನಾಲ್ಕು ಮತ್ತು ಐದನೆಯ ಘಟಕಗಳಿಗೂ ಇದೇ ಯಂತ್ರ ಜೋಡಿಸುವ ಯೋಚನೆಯನ್ನು 2018ರಲ್ಲಿ ಆ ಕಂಪನಿಯೇ ಕೈಬಿಟ್ಟಿತು.

ಟೆಕ್ಸಾಸಿನ ಕಥೆ ಇನ್ನೂ ಹೇಳುವಂಥದ್ದು. ಹ್ಯೂಸ್ಟನ್ ಹತ್ತಿರದ ಪ್ಯಾರಿಷ್ ಸ್ಥಾವರಕ್ಕೆ 2017ರ ಆರಂಭದಲ್ಲಿ ಪೆಟ್ರಾ ನೋವಾ ಎಂಬ ಸೆರೆಯಂತ್ರ ಜೋಡಣೆಯಾಯಿತು. ಖರ್ಚು ಸುಮಾರು 100 ಕೋಟಿ ಡಾಲರ್. ಅಮೆರಿಕದ ಇಂಧನ ಇಲಾಖೆ 19 ಕೋಟಿ ಕೊಟ್ಟಿತು. ಒಂದು ಘಟಕದ ಹೊಗೆಯಲ್ಲಿ 240 ಮೆಗಾವಾಟಿಗೆ ಸಮನಾದಷ್ಟನ್ನು ಮಾತ್ರ ಕವಲೊಡೆಸಿ ತೊಳೆಯುವ ವ್ಯವಸ್ಥೆ. ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು, ತನ್ನೊಳಗೆ ಬಂದ ಅನಿಲದಲ್ಲಿ ನೂರಕ್ಕೆ ತೊಂಬತ್ತನ್ನು ಹಿಡಿಯಿತು. ಇದನ್ನು ಒಪ್ಪದೆ ಟೀಕೆ ಮಾಡುವುದು ಸರಿಯಲ್ಲ. ಮೂಲ ಸ್ಥಾವರದ ಹಬೆಗೆ ಕೈಹಾಕದಿರಲು ಅವರು ಪಕ್ಕದಲ್ಲೇ ನೈಸರ್ಗಿಕ ಅನಿಲದ ಚಿಕ್ಕ ಸ್ಥಾವರವೊಂದನ್ನು ಕಟ್ಟಿ ಸೆರೆಯಂತ್ರಕ್ಕೆ ಹಬೆ, ಕರೆಂಟು ಕೊಟ್ಟರು. ಆ ಹೊಸ ಸ್ಥಾವರದ ಹೊಗೆಯನ್ನು ಹಿಡಿಯುವವರಿರಲಿಲ್ಲ. ತಪಸ್ಸಿಗೆ ಬಾಡಿಗೆಯ ಆಳನ್ನಿಟ್ಟ ಹಾಗೆ. ಹಿಡಿದ ಅನಿಲ ಸುಮಾರು 130 ಕಿಲೋಮೀಟರ್ ಕೊಳವೆಯಲ್ಲಿ ಹರಿದು ವೆಸ್ಟ್ ರಾಂಚ್ ತೈಲಕ್ಷೇತ್ರ ಸೇರಿತು. ದಿನಕ್ಕೆ ಕೆಲವು ನೂರು ಬ್ಯಾರೆಲ್ ಕೊಡುತ್ತಿದ್ದ ಕ್ಷೇತ್ರ ಕೆಲವು ಸಾವಿರ ಕೊಡತೊಡಗಿತು. ಒಂದು ಬ್ಯಾರೆಲ್ ಎಣ್ಣೆ ಉರಿದರೆ ಮತ್ತೆ ನಾನೂರು ಕಿಲೋ ಇಂಗಾಲದ ಡೈಆಕ್ಸೈಡ್ ಎಂಬುದನ್ನೂ ಇಲ್ಲಿ ನೆನೆಯಬೇಕು. 2020ರಲ್ಲಿ ಕೋವಿಡ್ ಬಂತು, ಎಣ್ಣೆಯ ಬೆಲೆ ಕುಸಿಯಿತು. ಮೇ ತಿಂಗಳಲ್ಲಿ ಪೆಟ್ರಾ ನೋವಾ ನಿಂತಿತು. ಕಲ್ಲಿದ್ದಲು ಘಟಕ ನಿಲ್ಲಲಿಲ್ಲ. ಅದು ಎಂದಿನಂತೆ ಉರಿಯುತ್ತ, ಎಂದಿನಂತೆ ಹೊಗೆಯನ್ನು ನೇರ ಆಕಾಶಕ್ಕೆ ಬಿಡುತ್ತ ಹೋಯಿತು. ನೂರು ಕೋಟಿ ಡಾಲರಿನ ಆ ಯೋಜನೆಯಲ್ಲಿ ತನಗಿದ್ದ ಅರ್ಧ ಪಾಲನ್ನು ಸ್ಥಾವರದ ಒಡೆಯ ಕಂಪನಿ 2022ರಲ್ಲಿ 36 ಲಕ್ಷ ಡಾಲರಿಗೆ ಜಪಾನಿನ ಪಾಲುದಾರನಿಗೆ ಬಿಟ್ಟುಕೊಟ್ಟಿತು. ಎಣ್ಣೆಯ ಬೆಲೆ ಚೇತರಿಸಿಕೊಂಡ ಮೇಲೆ, 2023ರ ಸೆಪ್ಟೆಂಬರಿನಲ್ಲಿ, ಯಂತ್ರ ಮತ್ತೆ ಶುರುವಾಯಿತು.

ಇಲ್ಲಿ ಒಬ್ಬ ಎಂಜಿನಿಯರ್ ತಾಳ್ಮೆಗೆಟ್ಟು ಕೇಳಬಹುದು: ಆಕಾಶಕ್ಕೆ ಮನಸ್ಸಿದೆಯೇ? ಒಂದು ಟನ್ ಅನಿಲ ನೆಲದಡಿ ಹೋಯಿತೆಂದರೆ ಹೋಯಿತು. ಪಶ್ಚಾತ್ತಾಪದಿಂದ ಹೋಯಿತೋ ಲಾಭದಾಸೆಯಿಂದ ಹೋಯಿತೋ ಎಂದು ವಾತಾವರಣ ವಿಚಾರಿಸುವುದಿಲ್ಲ. ಪಾಪಪುಣ್ಯದ ಭಾಷೆ ತಂದು ಲೆಕ್ಕವನ್ನು ಯಾಕೆ ಕೆಡಿಸುತ್ತೀರಿ? ಪ್ರಶ್ನೆ ತೂಕದ್ದು. ವಾತಾವರಣಕ್ಕೆ ಮನಸ್ಸಿಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಮನಸ್ಸಿರುವವರ ಉದ್ದೇಶ ಮುಖ್ಯವಾಗುತ್ತದೆ. ಅನಿಲ ಉಳಿಯುವುದು ಸಾವಿರಾರು ವರ್ಷ, ಎಣ್ಣೆಯ ಬೆಲೆ ಉಳಿಯುವುದು ಕೆಲವು ತಿಂಗಳು. ಹಿಡಿಯುವ ಕೆಲಸ ಯಾವುದನ್ನು ಆಧರಿಸಿದೆಯೋ ಅದರ ಆಯುಸ್ಸೇ ಹಿಡಿಯುವ ಕೆಲಸದ ಆಯುಸ್ಸು. ಸಂಕಲ್ಪ ಎಂದು ಹಿರಿಯರು ಕರೆದದ್ದು ಒಳಮನಸ್ಸಿನ ಭಾವುಕತೆಯನ್ನಲ್ಲ. ಲಾಭ ಬತ್ತಿದ ಮೇಲೂ ಕೆಲಸ ಮುಂದುವರಿಯಲು ಇರುವ ಆಧಾರವನ್ನು. ಒಬ್ಬ ಮನುಷ್ಯನಲ್ಲಿ ಅದು ಆತ್ಮಸಾಕ್ಷಿಯಾಗಿರಬಹುದು. ಕಂಪನಿಗೆ ಆತ್ಮಸಾಕ್ಷಿ ಇಲ್ಲದ್ದರಿಂದ ಅದು ಕಾನೂನಾಗಿರಬೇಕು, ಇಲ್ಲವೇ ತಪ್ಪಿಸಿಕೊಳ್ಳಲಾಗದ ತೆರಿಗೆಯಾಗಿರಬೇಕು. ಟೆಕ್ಸಾಸಿನಲ್ಲಿ ಇವೆರಡೂ ಇರಲಿಲ್ಲ. ನಿಲ್ಲಿಸಿದ್ದಕ್ಕೆ ಯಾರೂ ಕೇಳಲಿಲ್ಲ, ಏಕೆಂದರೆ ನಿಲ್ಲಿಸಬಾರದು ಎಂದು ಯಾರೂ ಹೇಳಿರಲಿಲ್ಲ.

ಅಮೆರಿಕ ಇದಕ್ಕೆ ಕಂಡುಕೊಂಡ ದಾರಿ ತೆರಿಗೆಯ ವಿನಾಯಿತಿ. ಹಿಡಿದು ಹೂತ ಪ್ರತಿ ಟನ್ನಿಗೆ 85 ಡಾಲರ್, ಎಣ್ಣೆ ತೆಗೆಯಲು ಬಳಸಿದರೆ 60 ಎಂದು 2022ರ ಕಾನೂನು ನಿಗದಿ ಮಾಡಿತು. ಹೂಳುವುದಕ್ಕೂ ಮಾರುವುದಕ್ಕೂ ಅಷ್ಟಾದರೂ ತಾರತಮ್ಯವಿತ್ತು. 2025ರ ಕಾನೂನು ಎರಡನ್ನೂ ಸಮ ಮಾಡಿ ಅದನ್ನು ಅಳಿಸಿಹಾಕಿತು. ವಿನಾಯಿತಿ ಸಿಗುವುದು ಹನ್ನೆರಡು ವರ್ಷ. ಅನಿಲ ಹೂತ ಜಾಗವನ್ನು ತುಂಬುವುದು ಮುಗಿದ ಮೇಲೂ ಐವತ್ತು ವರ್ಷ ಕಾಯುತ್ತಿರಬೇಕೆಂದು ಅದೇ ದೇಶದ ಪರಿಸರ ಸಂಸ್ಥೆಯ ಸಾಮಾನ್ಯ ನಿಯಮ. ದಕ್ಷಿಣೆ ಹನ್ನೆರಡು ವರ್ಷಕ್ಕೆ, ಜಾಗರಣೆ ಐವತ್ತು ವರ್ಷಕ್ಕೆ. ಅದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಟನ್ನಿಗಿಷ್ಟು ಎಂದು ಕೊಟ್ಟರೆ ಹೆಚ್ಚು ಟನ್ ಹುಟ್ಟಿಸಿದವನಿಗೆ ಹೆಚ್ಚು ಹಣ. ಪಿಗೂವಿನ ತೆರಿಗೆಯಲ್ಲಿ ಹೊಗೆ ನಷ್ಟ. ಈ ವಿನಾಯಿತಿಯಲ್ಲಿ ಹೊಗೆ ಕಚ್ಚಾಮಾಲು. ಮುಚ್ಚುವ ಅಂಚಿನಲ್ಲಿದ್ದ ಸ್ಥಾವರವನ್ನು ಇನ್ನಷ್ಟು ಕಾಲ, ಇನ್ನಷ್ಟು ಹೊತ್ತು ಓಡಿಸಲು ಅದು ಕಾರಣವಾಗಬಹುದು. ನ್ಯೂ ಮೆಕ್ಸಿಕೋದ ಸ್ಯಾನ್ ಹುವಾನ್ ಸ್ಥಾವರಕ್ಕೆ ಇಂಥದೇ ಲೆಕ್ಕ ಹಾಕಿ ಮರುಜೀವ ಕೊಡಲು ಹೊರಟವರಿದ್ದರು. ಕೊನೆಗೆ ಅದು ಕೂಡಿಬರಲಿಲ್ಲ, ಸ್ಥಾವರ 2022ರಲ್ಲಿ ಮುಚ್ಚಿತು. ಕಳ್ಳತನದ ಮಾಲನ್ನು ಹಿಂದಿರುಗಿಸಿದವನಿಗೆ ಮಾಲಿನ ಲೆಕ್ಕದಲ್ಲಿ ಬಹುಮಾನ ಕೊಡುವ ಊರಿನಲ್ಲಿ ಕಳ್ಳತನ ಕಡಿಮೆಯಾದೀತೇ ಎಂದು ಯಾರಾದರೂ ಕೇಳಬೇಕು.

ವೆಚ್ಚ ಇಳಿಯುತ್ತದೆ, ಮೊದಲ ಯಂತ್ರ ಯಾವಾಗಲೂ ದುಬಾರಿ ಎಂಬ ವಾದವೂ ಇದೆ. ಬೌಂಡರಿ ಡ್ಯಾಮಿನಲ್ಲಿ ಕಲಿತ ಪಾಠದ ಮೇಲೆ ಅದೇ ಪ್ರಾಂತ್ಯದ ಶ್ಯಾಂಡ್ ಸ್ಥಾವರಕ್ಕೆಂದು 2018ರಲ್ಲಿ ತಯಾರಾದ ಅಧ್ಯಯನ, ಟನ್ನಿಗೆ 45 ಅಮೆರಿಕನ್ ಡಾಲರಿಗೆ ಹಿಡಿಯಬಹುದು ಎಂದಿತು. ಇರಲಿ, ಧಾರಾಳವಾಗಿ 50 ಎಂದೇ ಇಟ್ಟುಕೊಂಡು ನಮ್ಮ ಮನೆಯ ಲೆಕ್ಕ ನೋಡೋಣ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿ 210 ಮೆಗಾವಾಟಿನ ಏಳು ಘಟಕಗಳು, 250ರ ಒಂದು. ಒಟ್ಟು 1,720 ಮೆಗಾವಾಟ್. ಮೊದಲ ಘಟಕ ಓಡತೊಡಗಿದ್ದು 1985ರಲ್ಲಿ. 210ರ ಒಂದು ಘಟಕ ಪೂರ್ತಿ ಓಡಿದರೆ ಗಂಟೆಗೆ ಸುಮಾರು 200 ಟನ್ ಇಂಗಾಲದ ಡೈಆಕ್ಸೈಡ್. ನೂರಕ್ಕೆ ತೊಂಬತ್ತು ಹಿಡಿದರೆ 180 ಟನ್. ಗಂಟೆಗೆ 9,000 ಡಾಲರ್. ಕಾವಿಗೆ, ಒತ್ತುವುದಕ್ಕೆ ಹೋದದ್ದನ್ನು ಕಳೆದು ಮಾರಲು ಉಳಿಯುವುದು 160 ಮೆಗಾವಾಟ್. ಯೂನಿಟ್ಟಿಗೆ ನಾಲ್ಕೂವರೆ ರೂಪಾಯಿಗೂ ಮೇಲೆ ಬೀಳುತ್ತದೆ. ಅಂದರೆ ಕಲ್ಲಿದ್ದಲು ಕರೆಂಟು ತಯಾರಿಸಲು ಈಗ ತಗಲುವಷ್ಟೇ ಇನ್ನೊಂದು ಸಲ. ನಲವತ್ತು ದಾಟಿದ ಬಾಯ್ಲರಿಗೆ ಈ ಹೊರೆ ಹೊರಿಸಲು ಯಾವ ಲೆಕ್ಕಿಗನೂ ಒಪ್ಪುವುದಿಲ್ಲ, ಒಪ್ಪಬಾರದು. ಹೂಳಲು ಜಾಗದ ಪ್ರಶ್ನೆ ಬೇರೆ. ಬೀದರ್, ಕಲಬುರಗಿ, ವಿಜಯಪುರದ ಅಡಿಯಲ್ಲಿ ಹಬ್ಬಿದ ದಖ್ಖನ್ನಿನ ಕಪ್ಪು ಬಸಾಲ್ಟ್ ಈ ಅನಿಲವನ್ನು ಕಲ್ಲಾಗಿಸಬಲ್ಲದು ಎಂಬ ಆಸೆ ವಿಜ್ಞಾನಿಗಳಿಗಿದೆ, ಐಸ್‌ಲೆಂಡಿನಲ್ಲಿ ಅಂಥ ಕಲ್ಲಿನಲ್ಲಿ ಅದು ಸಣ್ಣ ಪ್ರಮಾಣದಲ್ಲಿ ಆಗಿಯೂ ತೋರಿದೆ. ಇಲ್ಲಿ ಇನ್ನೂ ಆಸೆಯ ಹಂತವೇ.

ದೇಶದ ಅತಿದೊಡ್ಡ ಕಲ್ಲಿದ್ದಲು ಸ್ಥಾವರವಾದ ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಎನ್‌ಟಿಪಿಸಿ 2022ರಲ್ಲಿ ದಿನಕ್ಕೆ 20 ಟನ್ ಹಿಡಿಯುವ ಘಟಕ ಆರಂಭಿಸಿತು. ಸ್ಥಾವರದ ಸಾಮರ್ಥ್ಯ 4,760 ಮೆಗಾವಾಟ್. ಪೂರ್ತಿ ಓಡಿದಾಗ 20 ಟನ್ ಹೊರಬೀಳಲು ಬೇಕಾದದ್ದು ಹದಿನೈದಿಪ್ಪತ್ತು ಸೆಕೆಂಡು. ಪ್ರಯೋಗ ಎಂದರೆ ತಕರಾರಿಲ್ಲ, ಪ್ರಯೋಗಗಳು ಚಿಕ್ಕದಾಗಿಯೇ ಇರಬೇಕು. ಉತ್ತರ ಎಂದರೆ ಮಾತ್ರ ಗಡಿಯಾರ ತೋರಿಸಬೇಕಾಗುತ್ತದೆ. ಇನ್ನೊಂದು ಮಾತು: ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇದ್ದರೆ ಅಮೀನ್ ಕೆಟ್ಟುಹೋಗುತ್ತದೆ. ಮೊದಲು ಗಂಧಕ ತೊಳೆದು ಆಮೇಲೆ ಇಂಗಾಲ ಹಿಡಿಯಬೇಕು, ಮೀಯದೆ ಮಡಿ ಉಡುವಂತಿಲ್ಲ. ಆ ಸ್ನಾನದ ಕಥೆ ಏನಾಯಿತು? ಗಂಧಕಕ್ಕೆ ಮಿತಿ ಹಾಕಿದ ನಿಯಮ 2015ರ ಡಿಸೆಂಬರಿನಲ್ಲಿ ಬಂತು, ಎರಡು ವರ್ಷದ ಗಡುವಿನೊಡನೆ. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ದೇಶದ ಸ್ಥಾವರಗಳಲ್ಲಿ ಮುಕ್ಕಾಲಿಗೂ ಹೆಚ್ಚಿನವಕ್ಕೆ ಗಂಧಕ ತೊಳೆಯುವ ಯಂತ್ರದ ಕಡ್ಡಾಯವೇ ತಪ್ಪಿತು. ಇಂಗಾಲ ಹಿಡಿಯುವುದರ ಎದುರು ಗಂಧಕ ತೊಳೆಯುವುದು ಅಗ್ಗದ ಕೆಲಸ, ಅದರ ಫಲ ಅಕ್ಕಪಕ್ಕದ ಊರಿನವರ ಉಸಿರಿಗೇ ಸಿಗುವಂಥದ್ದು. ಅದಕ್ಕೂ ನಿಲ್ಲದ ಸಂಕಲ್ಪ, ಫಲ ಕಣ್ಣಿಗೆ ಕಾಣದ ದುಬಾರಿ ವ್ರತಕ್ಕೆ ನಿಂತೀತು ಎಂದು ನಂಬಲು ನನಗೆ ಆಧಾರ ಸಿಕ್ಕಿಲ್ಲ.

ಈ ವಾದಕ್ಕೆ ಬರಬಹುದಾದ ಅತ್ಯಂತ ಬಲವಾದ ಆಕ್ಷೇಪವೂ ಶಾಸ್ತ್ರದೊಳಗೇ ಇದೆ. ಗೃಹಸ್ಥನ ಮನೆಯಲ್ಲಿ ಐದು ಕೊಲೆಯ ಜಾಗಗಳಿವೆ ಎಂದು ಅದು ಹೇಳುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ. ಇರುವೆಯೋ ಹುಳುವೋ ಅಲ್ಲಿ ಸಾಯದೆ ಇರದು. ಪಂಚಸೂನಾ ಎಂಬ ಈ ಪಾಪಕ್ಕೆ ಒಲೆ ಆರಿಸು ಎಂದು ಯಾರೂ ಹೇಳಲಿಲ್ಲ. ದಿನದಿನದ ಐದು ಯಜ್ಞಗಳಿಂದ ದಿನದಿನದ ಪಾಪ ತೀರುತ್ತದೆ ಎಂದರು. ಹಾಗಿದ್ದ ಮೇಲೆ ಕಲ್ಲಿದ್ದಲಿನ ಬಾಯ್ಲರೂ ದೇಶದ ಒಲೆಯಲ್ಲವೆ? ನಾಲ್ಕರಲ್ಲಿ ಸುಮಾರು ಮೂರು ಪಾಲು ವಿದ್ಯುತ್ತು ಅದರಿಂದಲೇ ಬರುವಾಗ, ನಿಲ್ಲಿಸು ಎನ್ನದೆ ದಿನವೂ ತೊಳೆದುಕೋ ಎನ್ನುವುದು ಹೆಚ್ಚು ಮಾನವೀಯವಲ್ಲವೆ? ಈ ಆಕ್ಷೇಪಕ್ಕೆ ನಾನು ಅರ್ಧ ಸೋಲುತ್ತೇನೆ. ಬಿಡಲಾಗದ ತಪ್ಪಿಗೆ ನಿತ್ಯದ ಪರಿಹಾರವೇ ನ್ಯಾಯ, ಮತ್ತು ಇಂಗಾಲ ಹಿಡಿಯುವ ವಿದ್ಯೆಗೆ ಅಂಥ ಕಡೆ ನಿಜವಾದ ಜಾಗವಿದೆ. ಸಿಮೆಂಟಿನ ಗೂಡನ್ನು ನೋಡಿ. ಸುಣ್ಣಕಲ್ಲನ್ನು ಸುಟ್ಟರೆ ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಉರುವಲನ್ನು ಬದಲಿಸಿದರೂ ಅದು ತಪ್ಪದು. ತೂತ್ತುಕುಡಿಯಲ್ಲಿ ಸೋಡಾ ತಯಾರಿಸುವ ಕಾರ್ಖಾನೆಯೊಂದು ತನ್ನ ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ತನ್ನ ಸರಕಿಗೇ ಬಳಸುವ ವ್ಯವಸ್ಥೆಯನ್ನು 2016ರಲ್ಲಿ ಸಬ್ಸಿಡಿಯಿಲ್ಲದೆ ಮಾಡಿಕೊಂಡಿತು, ಅದೂ ಸೈ. ವಿದ್ಯುತ್ತಿಗೆ ಮಾತ್ರ ಕಲ್ಲಿದ್ದಲು ಎಂಬುದು ಒಲೆಯಲ್ಲ, ಸೌದೆಯ ಒಂದು ಜಾತಿ. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಬಿಸಿಲಿನ ವಿದ್ಯುತ್ತು ದೇಶದ ಹರಾಜುಗಳಲ್ಲಿ ಯೂನಿಟ್ಟಿಗೆ ಎರಡೂವರೆ ರೂಪಾಯಿಯ ಆಸುಪಾಸಿಗೆ ಬಂದು ನಿಂತಿದೆ. ಸೆರೆಯಂತ್ರದ ಖರ್ಚೊಂದೇ ಅದಕ್ಕಿಂತ ಹೆಚ್ಚು.

ಸೂರ್ಯ ಮುಳುಗುತ್ತಾನೆ, ನಿಜ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ, ಮಳೆ ಕೈಕೊಟ್ಟು ಶರಾವತಿ, ಕಾಳಿ ಬರಿದಾದ ಬೇಸಿಗೆಯಲ್ಲಿ, ರಾಯಚೂರು ಬಳ್ಳಾರಿಗಳು ಬೇಕು. ಬ್ಯಾಟರಿ ಸಾಕಷ್ಟು ಬರುವವರೆಗೆ ಆ ನಾಲ್ಕು ಗಂಟೆ ಆಪತ್ಕಾಲವೇ, ಅದಕ್ಕೆ ಆಪದ್ಧರ್ಮದ ರಿಯಾಯಿತಿ ಸಲ್ಲಬೇಕು. ಆದರೆ ಸೆರೆಯಂತ್ರದ ಅರ್ಥಶಾಸ್ತ್ರ ಈ ರಿಯಾಯಿತಿಯನ್ನೇ ಒಪ್ಪದು. ಅದು ಬಂಡವಾಳದ ಭಾರದಲ್ಲಿ ನೆಲಕ್ಕೊತ್ತಿದ ಯಂತ್ರ; ಹಾಕಿದ ದುಡ್ಡು ಹುಟ್ಟಬೇಕಾದರೆ ಸ್ಥಾವರ ಹಗಲೂ ರಾತ್ರಿಯೂ, ವರ್ಷವಿಡೀ ಓಡಬೇಕು. ದಿನಕ್ಕೆ ನಾಲ್ಕು ಗಂಟೆ ಓಡುವ ಸ್ಥಾವರದ ಮೇಲೆ ಅದನ್ನು ಕೂರಿಸಿದರೆ ಟನ್ನಿನ ವೆಚ್ಚ ಹಲವು ಪಟ್ಟು ಏರುತ್ತದೆ. ಹೀಗೆ ಆಪತ್ತಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಉರಿಸು ಎಂದು ಧರ್ಮ ಹೇಳುವಲ್ಲಿ, ಪ್ರಾಯಶ್ಚಿತ್ತದ ಯಂತ್ರ ಇನ್ನಷ್ಟು ಉರಿಸು ಎಂದು ಒತ್ತಾಯಿಸುತ್ತದೆ. ವ್ರತದ ಸಾಮಗ್ರಿಯ ಸಾಲ ತೀರಿಸಲು ತಪ್ಪನ್ನೇ ಹೆಚ್ಚಿಸಿಕೊಳ್ಳಬೇಕಾದ ಪಾಡು.

ಆಪದ್ಧರ್ಮದ ಗೆರೆ ಎಲ್ಲಿ ಎಂದು ಛಾಂದೋಗ್ಯ ಉಪನಿಷತ್ತಿನ ಒಂದು ಚಿಕ್ಕ ಪ್ರಸಂಗ ತೋರಿಸುತ್ತದೆ. ಕುರುದೇಶದಲ್ಲಿ ಬೆಳೆ ಹಾಳಾಗಿತ್ತು. ಹಸಿದು ಕಂಗಾಲಾದ ಉಷಸ್ತಿ ಚಾಕ್ರಾಯಣ, ಹುರುಳಿಯಂಥ ಕಾಳನ್ನು ತಿನ್ನುತ್ತಿದ್ದ ಮಾವುತನೊಬ್ಬನ ಮುಂದೆ ಕೈಚಾಚಿದ. ಇದು ಬಿಟ್ಟು ಬೇರೇನೂ ಇಲ್ಲ, ಇದು ಎಂಜಲು ಎಂದ ಮಾವುತ. ಅದನ್ನೇ ಕೊಡು ಎಂದು ಉಷಸ್ತಿ ಪಡೆದ. ತಗೋ, ನೀರೂ ಇದೆ ಎಂದಾಗ ಮಾತ್ರ ಬೇಡವೆಂದ, ಅದು ಎಂಜಲಾದೀತು ಎಂದು. ಕಾಳೂ ಎಂಜಲೇ ಅಲ್ಲವೇ ಎಂದು ಮಾವುತ ನ್ಯಾಯವಾಗಿಯೇ ಕೇಳಿದ. ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರು ನನಗೆ ಬೇಕೆಂದಲ್ಲಿ ಸಿಗುತ್ತದೆ ಎಂಬುದು ಉಷಸ್ತಿಯ ಉತ್ತರ. ಜಾತಿಯ ಮಡಿಯ ವಾಸನೆ ಈ ಕಥೆಗೂ ಇದೆ, ಅದನ್ನು ಬದಿಗಿಟ್ಟರೂ ಅದರೊಳಗಿನ ವಿವೇಕ ನಿಲ್ಲುತ್ತದೆ. ಈಗಾಗಲೇ ಕಟ್ಟಿ ನಿಲ್ಲಿಸಿದ ಸ್ಥಾವರಗಳ ಸಂಜೆಯ ವಿದ್ಯುತ್ತು ಆ ಕಾಳು. 2032ರೊಳಗೆ ಇನ್ನೂ 80,000 ಮೆಗಾವಾಟಿನ ಹೊಸ ಕಲ್ಲಿದ್ದಲು ಸ್ಥಾವರ ಬೇಕೆಂದು ಸರ್ಕಾರ ಹಾಕಿರುವ ಯೋಜನೆ, ಮುಂದೊಂದು ದಿನ ಸೆರೆಯಂತ್ರ ಜೋಡಿಸಬಹುದಲ್ಲ ಎಂಬ ಸಮಾಧಾನದ ಬೆನ್ನಿನಲ್ಲಿ ಬರುವುದಾದರೆ, ಅದು ನೀರು. ಉಷಸ್ತಿ ತಿಂದು ಉಳಿದ ಕಾಳನ್ನು ಹೆಂಡತಿಗೆ ಒಯ್ದ. ಅವಳಿಗೆ ಅಷ್ಟರಲ್ಲಿ ಭಿಕ್ಷೆ ಸಿಕ್ಕಿದ್ದರಿಂದ ಅದನ್ನು ತೆಗೆದಿಟ್ಟಳು. ಮರುದಿನ ಬೆಳಗ್ಗೆ ಅವನು ಅದೇ ತಂಗಳು ಎಂಜಲನ್ನು ಇನ್ನೊಮ್ಮೆ ತಿಂದ. ರಾಜನೊಬ್ಬ ಯಜ್ಞ ಮಾಡಿಸುತ್ತಿದ್ದ, ಅಲ್ಲಿಯವರೆಗೆ ನಡೆಯಲು ಕಾಲಿಗೆ ಬಲ ಬೇಕಿತ್ತು.